ಸರಾಸರಿ ಒಂದೇ, ಬಾಳು ಬೇರೆ

ಬಳ್ಳಾರಿ ಸೀಮೆಯ ಮಳೆ-ಬೆಳೆಗಳ ಏರಿಳಿತವನ್ನು ಅಳೆಯುವ ಒಂದು ಲೆಕ್ಕದ ಪರಿಚಯ

ಬಳ್ಳಾರಿಯ ಕಲ್ಲುಗುಡ್ಡವನ್ನೇರಿ ಕೋಟೆಯ ಗೋಡೆಯ ಬಳಿ ನಿಂತವರಿಗೆ ಸುತ್ತಲ ಸೀಮೆಯೆಲ್ಲ ಒಂದೇ ಬಯಲಾಗಿ ಕಾಣುತ್ತದೆ. ಆದರೆ ಆ ಬಯಲಿನಲ್ಲಿ ಉತ್ತು ಬಿತ್ತುವವರ ಪಾಲಿಗೆ ಅದು ಒಂದೇ ನೆಲವಲ್ಲ. ಉತ್ತರಕ್ಕೆ ಹೋದರೆ ಸಿರುಗುಪ್ಪ ತಾಲ್ಲೂಕು. ತುಂಗಭದ್ರೆಯ ಕಾಲುವೆಗಳು ಹರಿದಲ್ಲೆಲ್ಲ ಭತ್ತದ ಗದ್ದೆಗಳ ಹಸಿರು. ವಾಯವ್ಯಕ್ಕೆ ಕುರುಗೋಡು; ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ದೊಡ್ಡಬಸವೇಶ್ವರನ ಗುಡಿ. ಕುರುಗೋಡಿನ ಸುತ್ತಲೂ ಕಾಲುವೆಯ ನೀರು ಕಂಡ ಗದ್ದೆಗಳು ಇಲ್ಲದಿಲ್ಲ. ಆದರೆ ನೀರು ಏರದ ಎರೆಹೊಲಗಳೂ ಈ ಸೀಮೆಯಲ್ಲಿ ಉಂಟು. ಅಲ್ಲಿನ ಜೋಳ, ಹತ್ತಿ, ಕಡಲೆಗಳ ಹಣೆಬರಹವನ್ನು ಬರೆಯುವುದು ಮಳೆ; ಅದರಲ್ಲಿಯೂ ಹಿಂಗಾರಿ ಬಿತ್ತನೆಗೆ ಹಸಿ ತರುವ ಉತ್ತರೆ, ಹಸ್ತ, ಚಿತ್ತೆಯ ಮಳೆಗಳು.

ಈ ಎರಡು ಬಗೆಯ ನೆಲಗಳಲ್ಲಿ ತಲಾ ಒಂದೊಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಒಂದು ಸಿರುಗುಪ್ಪದ ನೀರಾವರಿಯ ಮನೆ. ಇನ್ನೊಂದು ಕುರುಗೋಡಿನ ಕಡೆಯ ಎರೆಹೊಲದ ಮನೆ. ಆರು ವರ್ಷಗಳಲ್ಲಿ ಖರ್ಚು ಕಳೆದು ಪ್ರತಿ ವರ್ಷ ಕೈಗೆ ಉಳಿದ ಹಣವನ್ನು ಇಬ್ಬರೂ ಬರೆದಿಟ್ಟಿದ್ದಾರೆ ಎನ್ನೋಣ. ಅಂಕಿಗಳು ಲೆಕ್ಕವನ್ನು ತಿಳಿಯಲೆಂದು ಊಹಿಸಿಕೊಂಡವು. ಎಲ್ಲವೂ ಸಾವಿರ ರೂಪಾಯಿಗಳಲ್ಲಿ.

ಸಿರುಗುಪ್ಪದ ಮನೆ: 61, 55, 65, 59, 53, 67.

ಕುರುಗೋಡಿನ ಮನೆ: 20, 95, 15, 60, 110, 60.

ಎರಡು ಸಾಲುಗಳನ್ನೂ ಕೂಡಿಸಿದರೆ ಬರುವ ಮೊತ್ತ ಒಂದೇ: 360. ಆರರಿಂದ ಭಾಗಿಸಿದರೆ ಸರಾಸರಿಯೂ ಒಂದೇ: 60. ಕಚೇರಿಯ ಕಡತದಲ್ಲಿ ಸರಾಸರಿಯನ್ನಷ್ಟೇ ಬರೆದರೆ ಎರಡೂ ಮನೆಗಳು ಸರಿಸಮಾನ. ಆದರೆ ಸಂಸಾರ ನಡೆಸಲು ವರ್ಷಕ್ಕೆ 45 ಸಾವಿರ ಬೇಕೆಂದು ಇಟ್ಟುಕೊಂಡರೆ ಕಥೆ ಬೇರೆಯಾಗುತ್ತದೆ. ಸಿರುಗುಪ್ಪದ ಮನೆ ಒಂದು ವರ್ಷವೂ ಆ ಗೆರೆಯ ಕೆಳಗೆ ಇಳಿದಿಲ್ಲ. ಕುರುಗೋಡಿನ ಮನೆ ಮೊದಲ ವರ್ಷವೇ ಸಾಲಕ್ಕೆ ಕೈಚಾಚಿದೆ. ಎರಡನೆಯ ವರ್ಷದ ಒಳ್ಳೆಯ ಬೆಳೆಯ ಪಾಲೊಂದು ಅಸಲು-ಬಡ್ಡಿಗೆ ಹೋಗಿದೆ. ಮೂರನೆಯ ವರ್ಷ ಮತ್ತೆ ಸಾಲ. ಸಾಲದೆಂಬಂತೆ, ಒಳ್ಳೆಯ ಮಳೆಯ ವರ್ಷ ಎಲ್ಲರ ಹೊಲವೂ ಬೆಳೆಯುವುದರಿಂದ ಪೇಟೆಯಲ್ಲಿ ದರ ಕುಸಿಯುವ ಭಯ ಬೇರೆ. ಮಗಳ ಮದುವೆಯನ್ನು ಯಾವ ವರ್ಷ ಗೊತ್ತುಮಾಡಬೇಕು, ಮಗನನ್ನು ಬಳ್ಳಾರಿಯ ಕಾಲೇಜಿಗೆ ಈ ವರ್ಷ ಸೇರಿಸಬಹುದೇ ಎಂಬ ಪ್ರಶ್ನೆಗಳಿಗೆ ಸಿರುಗುಪ್ಪದ ಮನೆಯಲ್ಲಿ ಉತ್ತರವುಂಟು. ಕುರುಗೋಡಿನ ಮನೆಯಲ್ಲಿ ಆಕಾಶವನ್ನು ನೋಡಬೇಕು.

ಸರಾಸರಿ ಮುಚ್ಚಿಟ್ಟ ಈ ವ್ಯತ್ಯಾಸವನ್ನು ಒಂದೇ ಒಂದು ಸಂಖ್ಯೆಯಲ್ಲಿ ಹೊರಗೆಡಹುವ ಸಾಧನಕ್ಕೆ ಸಂಖ್ಯಾಶಾಸ್ತ್ರದಲ್ಲಿ ಮಾನಕ ವಿಚಲನೆ ಎಂದು ಹೆಸರು. ಪ್ರೌಢಶಾಲೆಯ ಗಣಿತದಲ್ಲಿ ಇದನ್ನು ಕಲಿತು, ಪರೀಕ್ಷೆ ಮುಗಿದೊಡನೆ ಮರೆತವರೇ ಹೆಚ್ಚು. ಆದರೆ ಅದು ಮರೆಯಬೇಕಾದ ಲೆಕ್ಕವಲ್ಲ.

ಲೆಕ್ಕದ ಹೆಜ್ಜೆಗಳು

ಅಂಕಿಗಳು ಎಷ್ಟು ಹರಡಿಕೊಂಡಿವೆ ಎಂದು ತಿಳಿಯಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ ಅತಿ ದೊಡ್ಡದರಿಂದ ಅತಿ ಚಿಕ್ಕದನ್ನು ಕಳೆಯುವುದು. ಸಿರುಗುಪ್ಪದ ಮನೆಗೆ 67ರಲ್ಲಿ 53 ಕಳೆದರೆ 14. ಕುರುಗೋಡಿನ ಮನೆಗೆ 110ರಲ್ಲಿ 15 ಕಳೆದರೆ 95. ಇದನ್ನು ವ್ಯಾಪ್ತಿ ಎನ್ನುತ್ತಾರೆ. ಸುಲಭವಾದ ಅಳತೆ; ಆದರೆ ಒಕ್ಕಣ್ಣಿನ ಅಳತೆ. ಅದು ತುದಿಯ ಎರಡು ವರ್ಷಗಳನ್ನು ಮಾತ್ರ ಕಾಣುತ್ತದೆ, ನಡುವಿನ ವರ್ಷಗಳನ್ನು ಕಾಣುವುದಿಲ್ಲ. ಮೂರನೆಯ ಮನೆಯೊಂದರ ಆದಾಯ 60, 60, 15, 105, 60, 60 ಎಂದಿದ್ದರೆ ಅದರ ವ್ಯಾಪ್ತಿ 90. ಕುರುಗೋಡಿನ ಮನೆಯದಕ್ಕೆ ಹೆಚ್ಚುಕಡಿಮೆ ಸಮ. ಆದರೆ ಆರರಲ್ಲಿ ನಾಲ್ಕು ವರ್ಷ ಆ ಮನೆಯ ಒಲೆ ಒಂದೇ ಹದದಲ್ಲಿ ಉರಿದಿದೆ ಎಂಬುದನ್ನು ವ್ಯಾಪ್ತಿ ಹೇಳಲಾರದು.

ಎಲ್ಲ ವರ್ಷಗಳೂ ಮಾತನಾಡಬೇಕಾದರೆ ಪ್ರತಿಯೊಂದು ವರ್ಷವೂ ಸರಾಸರಿಯಿಂದ ಎಷ್ಟು ದೂರ ಸರಿದಿದೆಯೆಂದು ನೋಡಬೇಕು. ಈ ದೂರಕ್ಕೆ ವಿಚಲನೆ ಎಂದು ಹೆಸರು. ಸಿರುಗುಪ್ಪದ ಮನೆಯ ವಿಚಲನೆಗಳು ಕ್ರಮವಾಗಿ 1, -5, 5, -1, -7, 7. ಇವನ್ನು ಹಾಗೆಯೇ ಕೂಡಿಸಿದರೆ ಬರುವುದು ಸೊನ್ನೆ. ಇದು ಆಕಸ್ಮಿಕವಲ್ಲ, ಸರಾಸರಿಯ ಸ್ವಭಾವವೇ ಅದು. ಹೆಚ್ಚಿನ ಪಾಲೂ ಕಡಿಮೆಯ ಪಾಲೂ ಒಂದನ್ನೊಂದು ಹೊಡೆದುಹಾಕುತ್ತವೆ. ಆದುದರಿಂದ ಪ್ರತಿ ವಿಚಲನೆಯನ್ನೂ ಅದರಿಂದಲೇ ಗುಣಿಸಿ ವರ್ಗ ಮಾಡಬೇಕು. ಆಗ ಋಣ ಚಿಹ್ನೆ ಮಾಯವಾಗುತ್ತದೆ. 1, 25, 25, 1, 49, 49: ಒಟ್ಟು 150. ಆರರಿಂದ ಭಾಗಿಸಿದರೆ 25. ಅದರ ವರ್ಗಮೂಲ 5. ಸಿರುಗುಪ್ಪದ ಮನೆಯ ಮಾನಕ ವಿಚಲನೆ ಇದೇ: 5 ಸಾವಿರ ರೂಪಾಯಿ.

ಕುರುಗೋಡಿನ ಮನೆಯ ವಿಚಲನೆಗಳು -40, 35, -45, 0, 50, 0. ವರ್ಗಗಳು 1600, 1225, 2025, 0, 2500, 0; ಒಟ್ಟು 7350. ಆರರಿಂದ ಭಾಗಿಸಿದರೆ 1225, ವರ್ಗಮೂಲ 35. ಮೇಲೆ ಹೇಳಿದ ಮೂರನೆಯ ಮನೆಗೆ ಇದೇ ಲೆಕ್ಕ ಹಾಕಿದರೆ ಬರುವುದು ಸುಮಾರು 26. ವ್ಯಾಪ್ತಿಗೆ ಕಾಣದಿದ್ದ ಭೇದ ಇಲ್ಲಿ ಕಂಡಿತು.

ಸರಾಸರಿ ಎರಡೂ ಕಡೆ 60. ಮಾನಕ ವಿಚಲನೆ ಒಂದು ಕಡೆ 5, ಇನ್ನೊಂದು ಕಡೆ 35. ಒಂದೇ ಸರಾಸರಿಯ ಮರೆಯಲ್ಲಿ ಕುರುಗೋಡಿನ ಬಾಳು ಸಿರುಗುಪ್ಪದ ಬಾಳಿಗಿಂತ ಏಳು ಪಟ್ಟು ಹೆಚ್ಚು ಓಲಾಡುತ್ತಿದೆ ಎಂದು ಅಂಕಿಗಳು ಸಾರುತ್ತವೆ.

ಕೆಲವು ಪುಸ್ತಕಗಳಲ್ಲಿ ಆರರ ಬದಲು ಐದರಿಂದ ಭಾಗಿಸಿರುವುದನ್ನು ಕಂಡು ವಿದ್ಯಾರ್ಥಿಗಳು ಗಲಿಬಿಲಿಗೊಳ್ಳುವುದುಂಟು. ಕೈಯಲ್ಲಿರುವ ಅಂಕಿಗಳು ದೊಡ್ಡದೊಂದು ರಾಶಿಯಿಂದ ತೆಗೆದ ಮಾದರಿ ಮಾತ್ರವಾಗಿದ್ದಾಗ ಹಾಗೆ ಒಂದನ್ನು ಕಡಿಮೆ ಮಾಡಿ ಭಾಗಿಸುವುದು ರೂಢಿ. ಮಾದರಿಯ ಸರಾಸರಿ ಆ ಮಾದರಿಗೇ ಹತ್ತಿರವಿರುವುದರಿಂದ, ಇಲ್ಲದಿದ್ದರೆ ಹರವು ನಿಜಕ್ಕಿಂತ ಚಿಕ್ಕದಾಗಿ ತೋರುತ್ತದೆ. ಐದರಿಂದ ಭಾಗಿಸಿದರೆ ಮೇಲಿನ ಉತ್ತರಗಳು ಸುಮಾರು 5.5 ಮತ್ತು 38.3 ಆಗುತ್ತವೆ, ಏಳು ಪಟ್ಟು ಎಂಬ ಹೋಲಿಕೆ ಮಾತ್ರ ಕದಲುವುದಿಲ್ಲ.

ವರ್ಗ ಮಾಡುವುದರ ಮರ್ಮ

ವರ್ಗ ಮಾಡುವ ಗೋಜೇಕೆ, ಋಣ ಚಿಹ್ನೆಯನ್ನು ಅಳಿಸಿ ಸರಾಸರಿ ತೆಗೆದರೆ ಸಾಲದೇ ಎಂಬ ಪ್ರಶ್ನೆ ನ್ಯಾಯವಾದುದೇ. ಹಾಗೆಯೂ ಮಾಡಬಹುದು, ಅದಕ್ಕೂ ಸಂಖ್ಯಾಶಾಸ್ತ್ರದಲ್ಲಿ ಸ್ಥಾನವುಂಟು. ಆದರೆ ವರ್ಗ ಮಾಡಿದಾಗ ದೊಡ್ಡ ವಿಚಲನೆಗೆ ಹೆಚ್ಚಿನ ತೂಕ ಬೀಳುತ್ತದೆ. ಹತ್ತು ಸಾವಿರದ ಕೊರತೆಯ ವರ್ಗ ನೂರಾದರೆ, ನಲವತ್ತು ಸಾವಿರದ ಕೊರತೆಯ ವರ್ಗ ಸಾವಿರದ ಆರುನೂರು. ಕೊರತೆ ನಾಲ್ಕು ಪಟ್ಟಾದರೆ ತೂಕ ಹದಿನಾರು ಪಟ್ಟು. ಬದುಕಿನಲ್ಲಿಯೂ ಹಾಗೆಯೇ ಅಲ್ಲವೇ? ಚಿಕ್ಕ ಕೊರತೆಯನ್ನು ಹಬ್ಬದ ಸೀರೆ ಬಿಟ್ಟು ತುಂಬಿಕೊಳ್ಳಬಹುದು. ದೊಡ್ಡ ಕೊರತೆ ಎತ್ತನ್ನು ಮಾರಿಸುತ್ತದೆ, ಹೊಲವನ್ನು ಅಡವಿಡಿಸುತ್ತದೆ.

ಗಣಿತದ ದೃಷ್ಟಿಯಿಂದ ಇನ್ನೊಂದು ಅನುಕೂಲವೂ ಇದೆ. ಒಂದರ ಏರಿಳಿತಕ್ಕೂ ಇನ್ನೊಂದರ ಏರಿಳಿತಕ್ಕೂ ಸಂಬಂಧವಿಲ್ಲದ ಎರಡು ಆದಾಯಗಳು ಕೂಡಿದಾಗ ಅವುಗಳ ವಿಚಲನೆಯ ವರ್ಗಗಳು ನೇರವಾಗಿ ಕೂಡಿಕೊಳ್ಳುತ್ತವೆ. ಈ ಗುಣ ಮಿಶ್ರ ಬೆಳೆಯ ಲೆಕ್ಕದಲ್ಲಿ ಮುಂದೆ ನೆರವಿಗೆ ಬರಲಿದೆ.

ಈ ಬಗೆಯ ಲೆಕ್ಕದ ಬೇರುಗಳು ಖಗೋಳಶಾಸ್ತ್ರದಲ್ಲಿವೆ. ಒಂದೇ ನಕ್ಷತ್ರದ ಸ್ಥಾನವನ್ನು ಹಲವು ಸಲ ಅಳೆದಾಗ ಉತ್ತರಗಳು ಸ್ವಲ್ಪ ಸ್ವಲ್ಪ ಬೇರೆಯಾಗುತ್ತಿದ್ದವು. ಆ ದೋಷಗಳ ಹರವನ್ನು ಅಳೆಯಲು ಜರ್ಮನಿಯ ಗೌಸ್ ಮೊದಲಾದವರು ದಾರಿ ಹಾಕಿದರು. ಮಾನಕ ವಿಚಲನೆ ಎಂಬ ಅರ್ಥದ ಹೆಸರನ್ನು ಇಂಗ್ಲಿಷಿನಲ್ಲಿ 1890ರ ದಶಕದ ಮೊದಲ ಭಾಗದಲ್ಲಿ ಬಳಕೆಗೆ ತಂದವನು ಲಂಡನ್ನಿನ ಕಾರ್ಲ್ ಪಿಯರ್ಸನ್. ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಒದಗಿಸಿದವರು ಪ್ರಶಾಂತಚಂದ್ರ ಮಹಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದವರು ಅವರೇ.

ಆಗುಂಬೆಗೂ ಬಳ್ಳಾರಿಗೂ ಒಂದೇ ತಕ್ಕಡಿ

ಸರಾಸರಿಗಳು ಒಂದೇ ಆಗಿದ್ದಾಗ ಮಾನಕ ವಿಚಲನೆಗಳನ್ನು ನೇರವಾಗಿ ಹೋಲಿಸಬಹುದು. ಸರಾಸರಿಗಳೇ ಬೇರೆಯಾದಾಗ ಎಚ್ಚರಿಕೆ ಬೇಕು. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 500 ಮಿಲಿಮೀಟರ್; ಆಗುಂಬೆಯಲ್ಲಿ ಏಳು ಸಾವಿರಕ್ಕೂ ಮೇಲೆ. ಆಗುಂಬೆಯ ಮಳೆಯ ಮಾನಕ ವಿಚಲನೆ 1000 ಮಿಲಿಮೀಟರ್, ಬಳ್ಳಾರಿಯದು 150 ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ, ಸಂಖ್ಯೆಯನ್ನಷ್ಟೇ ನೋಡಿದವರು ಆಗುಂಬೆಯ ಮಳೆಯೇ ಹೆಚ್ಚು ಚಂಚಲವೆಂದು ತೀರ್ಮಾನಿಸಿಯಾರು. ಆದರೆ ಏಳು ಸಾವಿರದಲ್ಲಿ ಒಂದು ಸಾವಿರ ಹೆಚ್ಚುಕಡಿಮೆಯಾದರೆ ಆಗುಂಬೆಯ ಕಾಡಿಗೆ ಅದು ದೊಡ್ಡ ಮಾತಲ್ಲ. ಐನೂರರಲ್ಲಿ ನೂರೈವತ್ತು ಕಡಿಮೆಯಾದರೆ ಬಳ್ಳಾರಿಯ ಜೋಳ ತೆನೆ ಹಿಡಿಯುವ ಮೊದಲೇ ಒಣಗೀತು.

ಇಂತಹ ಹೋಲಿಕೆಗೆ ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ದೊರೆಯುವ ಶೇಕಡ ಪ್ರಮಾಣವೇ ವಿಚಲನಾ ಗುಣಾಂಕ. ಊಹೆಯ ಅಂಕಿಗಳ ಪ್ರಕಾರ ಆಗುಂಬೆಗೆ ಅದು ಸುಮಾರು 14, ಬಳ್ಳಾರಿಗೆ 30. ತಕ್ಕಡಿ ಸರಿಯಾಯಿತು. ಮಿಲಿಮೀಟರನ್ನು ಚೀಲದೊಡನೆ, ಚೀಲವನ್ನು ರೂಪಾಯಿಯೊಡನೆ ಹೋಲಿಸಲೂ ಈ ಗುಣಾಂಕವೇ ಸಾಧನ.

ಹೊಲದ ಮಾತು ಪಟ್ಟಣದವರಿಗೆ ದೂರವೆನಿಸಿದರೆ ಬಳ್ಳಾರಿ ಪಟ್ಟಣದೊಳಗೇ ಉದಾಹರಣೆ ಸಿಕ್ಕುತ್ತದೆ. ಜೀನ್ಸ್ ಉಡುಪಿನ ತಯಾರಿಕೆಗೆ ಈ ನಗರ ಹೆಸರಾದುದು. ಸೊಂಟದ ಅಳತೆ 32 ಅಂಗುಲವೆಂದು ಚೀಟಿ ಅಂಟಿಸಿದ ಷರಾಯಿಗಳನ್ನು ಇಬ್ಬರು ಹೊಲಿದಿದ್ದಾರೆ. ಇಬ್ಬರದರ ಸರಾಸರಿಯೂ ಸರಿಯಾಗಿ 32. ಆದರೆ ಒಬ್ಬನ ಕೆಲಸದ ಮಾನಕ ವಿಚಲನೆ ಕಾಲು ಅಂಗುಲ, ಇನ್ನೊಬ್ಬನದು ಒಂದೂವರೆ ಅಂಗುಲ. ಎರಡನೆಯವನ ಷರಾಯಿಗಳಲ್ಲಿ ಕೆಲವು 30, ಕೆಲವು 34. ಸರಾಸರಿಯನ್ನು ತೊಡುವ ಗಿರಾಕಿ ಯಾರೂ ಇಲ್ಲ. ಪ್ರತಿಯೊಬ್ಬನೂ ತೊಡುವುದು ಒಂದೊಂದು ಷರಾಯಿಯನ್ನೇ. ಅಂಗಡಿಯವನು ಮೂಟೆಯನ್ನು ಹಿಂದಕ್ಕೆ ಕಳುಹಿಸುವುದು ಸರಾಸರಿ ತಪ್ಪಿದುದಕ್ಕಲ್ಲ, ಹರವು ಹೆಚ್ಚಿದುದಕ್ಕೆ.

ದೇಶಕ್ಕೆ ನೆಮ್ಮದಿ, ತಾಲ್ಲೂಕಿಗೆ ಬರ

ಇನ್ನು ಊಹೆಯ ಅಂಕಿಗಳನ್ನು ಬಿಟ್ಟು ನಿಜದ ಅಂಕಿಗಳಿಗೆ ಬರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶದಲ್ಲಿ ಬಿದ್ದ ಮುಂಗಾರು ಮಳೆಯನ್ನು ಭಾರತೀಯ ಹವಾಮಾನ ಇಲಾಖೆ ದೀರ್ಘಾವಧಿ ಸರಾಸರಿಯ ಶೇಕಡ ಪ್ರಮಾಣದಲ್ಲಿ ಪ್ರಕಟಿಸುತ್ತದೆ. 2014ರಿಂದ 2023ರವರೆಗಿನ ಹತ್ತು ವರ್ಷಗಳ ಅಂಕಿಗಳು ಕ್ರಮವಾಗಿ ಇವು: 88, 86, 97, 95, 91, 110, 109, 99, 106, 94. ಕೂಡಿಸಿದರೆ 975, ಸರಾಸರಿ 97.5. ಮೇಲಿನ ಹೆಜ್ಜೆಗಳಲ್ಲಿಯೇ ಲೆಕ್ಕ ಹಾಕಿದರೆ ಮಾನಕ ವಿಚಲನೆ ಸುಮಾರು 8. ಕಾಗದ ಪೆನ್ಸಿಲು ಹಿಡಿದು ಕುಳಿತ ಹೈಸ್ಕೂಲು ವಿದ್ಯಾರ್ಥಿಯೂ ಹತ್ತು ನಿಮಿಷದಲ್ಲಿ ಇದನ್ನು ಪರೀಕ್ಷಿಸಬಹುದು.

ಎಂಟು ಎಂಬುದು ಭಯಪಡಿಸುವ ಸಂಖ್ಯೆಯಲ್ಲ. ಹಾಗಾದರೆ ರೈತನ ಗೋಳೇಕೆ? ಉತ್ತರ 2023ರಲ್ಲಿದೆ. ಆ ವರ್ಷ ದೇಶದ ಮುಂಗಾರು ಮಳೆ ಶೇಕಡ 94. ವಾಡಿಕೆಗಿಂತ ತುಸು ಕಡಿಮೆ, ಅಷ್ಟೆ. ಆದರೆ ಅದೇ ವರ್ಷ ಕರ್ನಾಟಕ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ದೇಶದ ಲೆಕ್ಕದಲ್ಲಿ ಒಂದು ಕಡೆಯ ಪ್ರವಾಹವೂ ಇನ್ನೊಂದು ಕಡೆಯ ಬರವೂ ಕೂಡಿಕೊಂಡು ಸಮವಾಗಿಬಿಡುತ್ತವೆ. ಹೀಗಾಗಿ ಒಟ್ಟು ಮೊತ್ತದ ಹರವು ಕುಗ್ಗುತ್ತದೆ. ಪ್ರದೇಶ ಚಿಕ್ಕದಾದಂತೆಲ್ಲ ಈ ಸಮನ್ವಯದ ಭಾಗ್ಯ ಕಡಿಮೆ. ರಾಜ್ಯಕ್ಕಿಂತ ಜಿಲ್ಲೆಯ ಹರವು ಸಾಮಾನ್ಯವಾಗಿ ಹೆಚ್ಚು. ಜಿಲ್ಲೆಗಿಂತ ಒಂದು ಹಳ್ಳಿಯದು ಹೆಚ್ಚು. ದೆಹಲಿಯಿಂದ ಬಂದ ಮಳೆಯ ವಾರ್ತೆಯನ್ನು ಆಕಾಶವಾಣಿಯಲ್ಲಿ ಕೇಳಿ ಸಮಾಧಾನಪಟ್ಟುಕೊಳ್ಳುವ ಮೊದಲು, ಆ ಸಂಖ್ಯೆ ಯಾರ ಸರಾಸರಿ ಎಂದು ಕೇಳಬೇಕಾದುದು ಇದಕ್ಕಾಗಿಯೇ.

ಹರವನ್ನು ಹಿಡಿದು ಕಟ್ಟಿದವರು

ಬಳ್ಳಾರಿ ಸೀಮೆಯ ಇತಿಹಾಸವನ್ನು ಒಂದು ದೃಷ್ಟಿಯಿಂದ ಈ ಹರವಿನೊಡನೆ ನಡೆದ ಹೋರಾಟವೆಂದೇ ಹೇಳಬಹುದು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ದಕ್ಷಿಣ ಭಾರತದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸರಾಸರಿ ಮಳೆ ಎಷ್ಟು ಎಂಬ ಲೆಕ್ಕ ಅಂದು ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ.

ಇಂತಹ ವರ್ಷಗಳಿಗೆಂದೇ ಎರೆಭೂಮಿಯ ಹಿರಿಯರು ಹಗೇವು ಎಂಬ ಏರ್ಪಾಡನ್ನು ಮಾಡಿಕೊಂಡಿದ್ದರು. ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಹುಲ್ಲನ್ನೂ ಮಣ್ಣನ್ನೂ ಮುಚ್ಚಿ ಗಾಳಿಯಾಡದಂತೆ ಮಾಡುತ್ತಿದ್ದರು. ಹುಳು ಬೀಳದೆ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದೊಡನೆ ಒಳಗಿಳಿದರೆ ಕೆಟ್ಟ ಗಾಳಿಯಿಂದ ಪ್ರಾಣಕ್ಕೆ ಅಪಾಯವೆಂದು ಬಾಯಿ ತೆರೆದಿಟ್ಟು ಕಾದು ಇಳಿಯುತ್ತಿದ್ದರು. ಹಗೇವು ಸರಾಸರಿಯನ್ನು ಒಂದು ಸೇರಿನಷ್ಟೂ ಹೆಚ್ಚಿಸುವುದಿಲ್ಲ. ಅದು ಮಾಡುವುದು ಒಂದೇ ಕೆಲಸ: 110ರ ವರ್ಷದಿಂದ ತೆಗೆದು 15ರ ವರ್ಷಕ್ಕೆ ಕೊಡುವುದು. ಊಟದ ಸರಾಸರಿ ಎಷ್ಟೆಂದು ಬೆಳೆ ಹೇಳಿದರೆ, ಕೂಡಿಡಬೇಕಾದುದು ಎಷ್ಟೆಂದು ಹೇಳುವುದು ಹರವು.

ಎರಡನೆಯ ಉಪಾಯ ಮಿಶ್ರ ಬೆಳೆ. ಇಡೀ ಹೊಲಕ್ಕೆ ಒಂದೇ ಬೆಳೆ ಹಾಕಿದಾಗ ಆದಾಯದ ಮಾನಕ ವಿಚಲನೆ 35 ಎಂದಿರಲಿ. ಅಷ್ಟೇ ಸರಾಸರಿ, ಅಷ್ಟೇ ವಿಚಲನೆಯುಳ್ಳ ಇನ್ನೊಂದು ಬೆಳೆಯನ್ನು ಅರ್ಧ ಹೊಲಕ್ಕೆ ಹಾಕಿದರೆ ಏನಾದೀತು? ಎರಡೂ ಬೆಳೆಗಳು ಯಾವಾಗಲೂ ಒಟ್ಟಿಗೇ ಏಳುತ್ತ ಒಟ್ಟಿಗೇ ಬೀಳುತ್ತಿದ್ದರೆ ಲಾಭವಿಲ್ಲ. ವಿಚಲನೆ 35ರಲ್ಲಿಯೇ ನಿಲ್ಲುತ್ತದೆ. ಒಂದರ ಸೋಲಿಗೂ ಇನ್ನೊಂದರ ಸೋಲಿಗೂ ಸಂಬಂಧವೇ ಇಲ್ಲದಿದ್ದರೆ ಅದು ಸುಮಾರು 25ಕ್ಕೆ ಇಳಿಯುತ್ತದೆ. ಒಂದಕ್ಕೆ ಕೇಡಾದ ಕಾಲ ಇನ್ನೊಂದಕ್ಕೆ ಒಳಿತಾಗುವಂತಿದ್ದರೆ ಇನ್ನೂ ಕೆಳಗೆ. ಸರಾಸರಿ ಕದಲದೆ ಹರವು ಮಾತ್ರ ಕುಗ್ಗಿತು. ಜೋಳದ ಜತೆಗೆ ಬೇಳೆಕಾಳಿನ ಸಾಲುಗಳನ್ನು ಬಿಡುತ್ತಿದ್ದ ಒಕ್ಕಲುತನದ ಹಿಂದೆ ಇದ್ದ ವಿವೇಕ ಇದೇ.

ಮೂರನೆಯದು ಅಣೆಕಟ್ಟು. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಪಶ್ಚಿಮಘಟ್ಟದ ಮಳೆಯನ್ನು ಹಿಡಿದಿಟ್ಟು ಬಯಲುಸೀಮೆಗೆ ಕೊಡುವ ಜಲಾಶಯವೂ ಒಂದು ದೊಡ್ಡ ಹಗೇವೇ. ಸಿರುಗುಪ್ಪದ ಮನೆಯ ಅಂಕಿಗಳು 53ಕ್ಕೂ 67ಕ್ಕೂ ನಡುವೆ ನಿಲ್ಲಬಲ್ಲವೆಂದು ಊಹಿಸಲು ಆಧಾರ ಅದೇ. ಹಾಗೆಂದು ಹರವು ಅಳಿಸಿಹೋಯಿತೆಂದು ತಿಳಿಯಬಾರದು. ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಆರಂಭದ ಸುಮಾರು 133 ಶತಕೋಟಿ ಘನ ಅಡಿಗಳಿಂದ ಸುಮಾರು 105ಕ್ಕೆ ಇಳಿದಿದೆ. 2023ರಲ್ಲಿ ಅಣೆಕಟ್ಟು ತುಂಬಲಿಲ್ಲ. 2024ರ ಆಗಸ್ಟ್‌ನಲ್ಲಿ 33 ಗೇಟುಗಳ ಪೈಕಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ತುಂಬಿದ್ದ ನೀರು ದಿನಗಟ್ಟಲೆ ಹೊಳೆಗೆ ಹರಿಯಿತು. ತಾತ್ಕಾಲಿಕ ಗೇಟನ್ನು ಇಳಿಸುವವರೆಗೂ ಕಾಲುವೆಯ ಸೀಮೆಯೆಲ್ಲ ಉಸಿರು ಬಿಗಿಹಿಡಿದಿತ್ತು. ಕಾಲುವೆಯ ಮೇಲ್ಭಾಗದವನಿಗೂ ಕೊನೆಯ ಭಾಗದವನಿಗೂ ನೀರಿನ ಭರವಸೆ ಒಂದೇ ಅಲ್ಲ ಎಂಬುದು ಎಲ್ಲ ಕಾಲುವೆಗಳ ಕಥೆ. ಸಿರುಗುಪ್ಪದೊಳಗೇ ಒಂದು ಸಿರುಗುಪ್ಪವೂ ಒಂದು ಕುರುಗೋಡೂ ಇರಬಹುದು.

ವಿಮೆಯ ಕಚೇರಿಯಲ್ಲಿ ಮಾನಕ ವಿಚಲನೆ

ಹರವನ್ನು ಎದುರಿಸುವ ನಾಲ್ಕನೆಯ ಉಪಾಯ ವಿಮೆ. ಇದರ ಚಿಂತನೆ ಕನ್ನಡ ನಾಡಿನಲ್ಲಿ ಬಹಳ ಹಿಂದೆಯೇ ಮೊಳೆತಿತ್ತೆಂಬುದು ಹೆಮ್ಮೆಯ ಸಂಗತಿ. ಮೈಸೂರು ಸಂಸ್ಥಾನದಲ್ಲಿ ಜೆ. ಎಸ್. ಚಕ್ರವರ್ತಿಯವರು 1915ರ ವೇಳೆಗೆ ರೈತರಿಗಾಗಿ ಮಳೆಯ ವಿಮೆಯ ಯೋಜನೆಯೊಂದನ್ನು ರೂಪಿಸಿ, 1920ರಲ್ಲಿ ಅದನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಒಬ್ಬೊಬ್ಬನ ಹೊಲವನ್ನು ಪರೀಕ್ಷಿಸುವ ಬದಲು ಒಂದೇ ಬಗೆಯ ಪ್ರದೇಶವನ್ನು ಘಟಕವಾಗಿಟ್ಟುಕೊಂಡು, ಮಳೆ ವಾಡಿಕೆಯಿಂದ ಎಷ್ಟು ತಪ್ಪಿತೆಂಬುದರ ಮೇಲೆ ಪರಿಹಾರ ಕೊಡಬೇಕೆಂಬುದು ಅದರ ತಿರುಳು. ಯೋಜನೆ ಆಗ ಜಾರಿಗೆ ಬರಲಿಲ್ಲ. ಪ್ರದೇಶವೇ ಘಟಕವೆಂಬ ವಿಚಾರ ಮಾತ್ರ ದಶಕಗಳ ಅನಂತರ ದೇಶದ ಬೆಳೆವಿಮೆಯ ಅಡಿಪಾಯವಾಯಿತು.

1999ರಲ್ಲಿ ಬಂದ ರಾಷ್ಟ್ರೀಯ ಕೃಷಿ ವಿಮಾ ಯೋಜನೆಯಲ್ಲಿ ವಿಚಲನಾ ಗುಣಾಂಕವೇ ತೀರ್ಪುಗಾರನ ಪೀಠದಲ್ಲಿ ಕುಳಿತಿತು. ಹಿಂದಿನ ಹತ್ತು ವರ್ಷಗಳ ಇಳುವರಿಯ ಗುಣಾಂಕವನ್ನು ನೋಡಿ ಪ್ರದೇಶಗಳನ್ನು ಕಡಿಮೆ, ಮಧ್ಯಮ, ಹೆಚ್ಚು ಅಪಾಯದವೆಂದು ಮೂರಾಗಿ ವಿಂಗಡಿಸಿದರು. ರಕ್ಷಣೆಯ ಮಟ್ಟ ಕ್ರಮವಾಗಿ ಶೇಕಡ 90, 80 ಮತ್ತು 60.

ಇದರ ಪರಿಣಾಮವನ್ನು ಬಿಡಿಸಿ ನೋಡಬೇಕು. ಎರಡು ಪ್ರದೇಶಗಳಲ್ಲಿಯೂ ಸರಾಸರಿ ಇಳುವರಿ ಎಕರೆಗೆ 10 ಚೀಲವೆನ್ನೋಣ. ಹರವು ಕಡಿಮೆಯಿರುವ ಕಡೆ ಖಾತರಿಯ ಮಟ್ಟ 9 ಚೀಲ. ಹರವು ಹೆಚ್ಚಿರುವ ಕಡೆ 6 ಚೀಲ. ಒಂದು ವರ್ಷ ಎರಡೂ ಕಡೆ ಬೆಳೆ 7 ಚೀಲಕ್ಕೆ ಇಳಿದರೆ ಮೊದಲನೆಯ ಕಡೆ ಒಂಬತ್ತರಲ್ಲಿ ಎರಡು ಪಾಲು, ಅಂದರೆ ವಿಮೆಯ ಮೊತ್ತದ ಶೇಕಡ 22ರಷ್ಟು ಪರಿಹಾರ. ಎರಡನೆಯ ಕಡೆ ಏನೂ ಇಲ್ಲ. ಬೆಳೆ 5 ಚೀಲಕ್ಕೆ ಇಳಿದರೆ ಮೊದಲನೆಯ ಕಡೆ ಶೇಕಡ 44. ಎರಡನೆಯ ಕಡೆ ಶೇಕಡ 17. ಮಳೆ ಯಾರನ್ನು ಹೆಚ್ಚು ಕಾಡುತ್ತದೆಯೋ ಅವರಿಗೇ ಕೊಡೆ ಚಿಕ್ಕದು. ವಿಮೆಯ ಸಂಸ್ಥೆಯ ವಾದವೂ ತಳ್ಳಿಹಾಕುವಂತಹುದಲ್ಲ: ಹರವು ಹೆಚ್ಚಿದ್ದಲ್ಲಿ ಮೇಲಿಂದ ಮೇಲೆ ಪರಿಹಾರ ಕೊಡಬೇಕಾಗಿ ಬರುವುದರಿಂದ ಕಂತಿನ ಹಣ ಸಾಲದೆ ಹೋಗುತ್ತದೆ. ಆದರೆ ಗುಣಾಂಕದ ಒಂದು ಸಂಖ್ಯೆ ಎಷ್ಟೊಂದು ಮನೆಗಳ ಭಾಗ್ಯವನ್ನು ನಿರ್ಣಯಿಸಬಲ್ಲುದೆಂಬುದು ಇದರಿಂದ ಸ್ಪಷ್ಟ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮಟ್ಟಗಳನ್ನು 70, 80, 90 ಎಂದು ಗೊತ್ತುಮಾಡಿ, ಕೆಳಗಿನ ಮೆಟ್ಟಿಲನ್ನು ಹತ್ತರಷ್ಟು ಏರಿಸಲಾಯಿತು. ರೈತನ ಪಾಲಿನ ಕಂತು ಮುಂಗಾರಿನ ಆಹಾರ ಬೆಳೆಗೆ ವಿಮೆಯ ಮೊತ್ತದ ಶೇಕಡ 2, ಹಿಂಗಾರಿಗೆ 1.5, ವಾಣಿಜ್ಯ ಬೆಳೆಗೆ 5ರವರೆಗೆ.

ಇಲ್ಲಿ ಇನ್ನೊಂದು ಹರವೂ ಅಡಗಿದೆ. ಪರಿಹಾರ ನಿರ್ಧಾರವಾಗುವುದು ಒಬ್ಬನ ಹೊಲದ ಬೆಳೆಯ ಮೇಲಲ್ಲ. ಗ್ರಾಮ ಪಂಚಾಯತಿಯಂತಹ ಘಟಕದ ಸರಾಸರಿಯ ಮೇಲೆ. ಆಯ್ದ ಕೆಲವು ಹೊಲಗಳಲ್ಲಿ ಗೊತ್ತಾದ ಅಳತೆಯ ತುಂಡನ್ನು ಗುರುತಿಸಿ, ಕೊಯ್ದು, ತೂಗಿ ಆ ಸರಾಸರಿಯನ್ನು ಕಂಡುಹಿಡಿಯುತ್ತಾರೆ. ಇದೇ ಬೆಳೆ ಕಟಾವು ಪ್ರಯೋಗ. ಮಹಲನೋಬಿಸ್ ಮತ್ತು ಪಿ. ವಿ. ಸುಖಾತ್ಮೆಯವರ ಶ್ರಮದಿಂದ ಭಾರತದಲ್ಲಿ ಶಾಸ್ತ್ರೀಯ ರೂಪ ಪಡೆದ ವಿಧಾನವಿದು. ಪಂಚಾಯತಿಯ ಹೊಲಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಬೆಳೆದಿದ್ದರೆ ಕೆಲವೇ ಪ್ರಯೋಗಗಳು ಸತ್ಯವನ್ನು ನುಡಿಯುತ್ತವೆ. ಒಂದು ಕಡೆ ಎರೆ, ಒಂದು ಕಡೆ ಮಸಾರಿ, ಒಂದು ಕಡೆ ಕೊಳವೆಬಾವಿ ಎಂದಿದ್ದರೆ ಹೊಲಹೊಲಗಳ ನಡುವಿನ ವಿಚಲನೆ ದೊಡ್ಡದು. ಆಗ ನೆರೆಯವನ ಒಳ್ಳೆಯ ಬೆಳೆ ಸರಾಸರಿಯನ್ನು ಮೇಲೆತ್ತಿ, ಬೆಳೆ ಕಳೆದುಕೊಂಡವನ ಪರಿಹಾರವನ್ನು ಕಿತ್ತುಕೊಳ್ಳಬಹುದು. ಘಟಕ ಚಿಕ್ಕದಿರಬೇಕು, ಪ್ರಯೋಗಗಳು ಹೆಚ್ಚಿರಬೇಕು ಎಂಬ ರೈತರ ಬೇಡಿಕೆಗೆ ಶಾಸ್ತ್ರದ ಬೆಂಬಲವಿರುವುದು ಇಲ್ಲಿಯೇ.

ಕೇಳಬೇಕಾದ ಎರಡನೆಯ ಪ್ರಶ್ನೆ

ಮಾನಕ ವಿಚಲನೆಯೂ ಸರ್ವಜ್ಞನಲ್ಲ. ಅಂಕಿಗಳು ಸರಾಸರಿಯ ಎರಡೂ ಬದಿಗೆ ಸಮನಾಗಿ, ಗಂಟೆಯ ಆಕಾರದಲ್ಲಿ ಹರಡಿಕೊಂಡಿದ್ದರೆ ನೂರರಲ್ಲಿ ಸುಮಾರು 68 ಅಂಕಿಗಳು ಸರಾಸರಿಯಿಂದ ಒಂದು ಮಾನಕ ವಿಚಲನೆಯ ಒಳಗೂ, 95 ಅಂಕಿಗಳು ಎರಡರ ಒಳಗೂ ಇರುತ್ತವೆ. ಆದರೆ ಮಳೆ-ಬೆಳೆಗಳು ಯಾವಾಗಲೂ ಅಂತಹ ಚೆಲುವಾದ ಆಕಾರಕ್ಕೆ ಕಟ್ಟುಬೀಳುವುದಿಲ್ಲ. ಹೆಚ್ಚಾದುದೂ ಕಡಿಮೆಯಾದುದೂ ಅದರ ಕಣ್ಣಿಗೆ ಒಂದೇ. ಸುಗ್ಗಿಯ ವರ್ಷವನ್ನೂ ಅದು ಬರದ ವರ್ಷದಂತೆಯೇ ವಿಚಲನೆಯೆಂದು ಎಣಿಸುತ್ತದೆ. ಎರಡು ಬರಗಳು ಬೆನ್ನುಬೆನ್ನಿಗೆ ಬಂದುವೋ ನಡುವೆ ಬಿಡುವು ಕೊಟ್ಟು ಬಂದುವೋ ಎಂಬುದನ್ನೂ ಅದು ಹೇಳುವುದಿಲ್ಲ; ಸಂಸಾರಕ್ಕೆ ಅದೇ ದೊಡ್ಡ ಪ್ರಶ್ನೆ. ಆದುದರಿಂದ ಸಾಧ್ಯವಿದ್ದಾಗಲೆಲ್ಲ ಅಂಕಿಗಳ ಸಾಲನ್ನೇ ಒಮ್ಮೆ ಕಣ್ಣಾರೆ ನೋಡುವುದು ಲೇಸು.

ಇಷ್ಟು ಮಿತಿಗಳಿದ್ದರೂ ಈ ಲೆಕ್ಕದ ಉಪಕಾರ ದೊಡ್ಡದು. ಶಾಲೆಯ ಎರಡು ವಿಭಾಗಗಳ ಸರಾಸರಿ ಅಂಕ ಒಂದೇ ಎಂದಾಗ, ಹಿಂದೆ ಬಿದ್ದ ಮಕ್ಕಳು ಯಾವ ವಿಭಾಗದಲ್ಲಿ ಹೆಚ್ಚೆಂದು ಕೇಳಬಹುದು. ಕಮಿಷನ್ ಮೇಲಿನ ನೌಕರಿಯ ತಿಂಗಳ ಸರಾಸರಿ ಆದಾಯ ಇಷ್ಟೆಂದು ವರನ ಕಡೆಯವರು ಹೇಳಿದಾಗ, ಕೆಟ್ಟ ತಿಂಗಳು ಎಷ್ಟು ಕೆಟ್ಟದೆಂದು ವಿಚಾರಿಸಬಹುದು. ಉಳಿತಾಯದ ಹಣ ಹೂಡುವಾಗ ಸರಾಸರಿ ಲಾಭವನ್ನು ದೊಡ್ಡ ಅಕ್ಷರಗಳಲ್ಲಿ ಸಾರುವ ಜಾಹೀರಾತಿನ ಹಿಂದೆ ಏರಿಳಿತ ಎಷ್ಟೆಂದು ಹುಡುಕಬಹುದು. ಬೆಳೆವಿಮೆ ಮಾಡಿಸುವ ರೈತನು ತನ್ನ ಪಂಚಾಯತಿಯ ಖಾತರಿ ಇಳುವರಿ ಎಷ್ಟು, ರಕ್ಷಣೆಯ ಮಟ್ಟ ಎಷ್ಟು ಎಂಬುದನ್ನು ಕಂತು ಕಟ್ಟುವ ಮೊದಲೇ ಕೇಳಿ ತಿಳಿಯಬಹುದು. ಕೇಳುವ ಹಕ್ಕು ಅವನಿಗಿದೆ.

ಸರಾಸರಿ ಎಷ್ಟು ಎಂಬುದು ಮೊದಲ ಪ್ರಶ್ನೆ. ಅದನ್ನು ಎಲ್ಲರೂ ಕೇಳುತ್ತಾರೆ. ಅದರ ಸುತ್ತ ಏರಿಳಿತ ಎಷ್ಟು ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಸಿರುಗುಪ್ಪದ ಮನೆಗೂ ಕುರುಗೋಡಿನ ಮನೆಗೂ ಇರುವ ಅಂತರವೆಲ್ಲ ಆ ಎರಡನೆಯ ಪ್ರಶ್ನೆಯಲ್ಲಿಯೇ ಇದೆ.